ಭದ್ರಾ ಹಿನ್ನೀರಿಗೆ ಕ್ಯಾಮೆರಾ ಒಯ್ಯುವವರಿಗೆ

ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಕಣದಲ್ಲಿ ಒಣಗಿ, ಅಡಿಕೆಯ ಕಡೆಯ ಕೊಯ್ಲೂ ಮನೆ ಸೇರಿದ ಮೇಲೆ ಬೆಳೆಗಾರನಿಗೆ ನಾಲ್ಕು ದಿನದ ಬಿಡುವು ಸಿಗುವುದುಂಟು. ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ಆ ದಿನಗಳಲ್ಲಿ ಮನೆಮಂದಿಯೊಡನೆ ಕಾಡು ನೋಡಿಬರಲು ಹೊರಡುವ ಸದಸ್ಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಸಂಘಕ್ಕೆ ಗೊಬ್ಬರಕ್ಕೋ ಮೈಲುತುತ್ತಕ್ಕೋ ಬಂದಾಗ ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಗ ಕ್ಯಾಮೆರಾ ಬೇಕು ಅಂತಾನೆ. ಯಾವ ಲೆನ್ಸು ತಗೊಳ್ಳೋದು ಮಾರಾಯ್ರೆ?"

ಕೊಳೆರೋಗಕ್ಕೂ ಕಾಂಡಕೊರಕಕ್ಕೂ ಮೀಸಲಾದ ಈ ಪುಟಗಳಲ್ಲಿ ಕ್ಯಾಮೆರಾದ ಮಾತೇಕೆ ಎಂದು ಹುಬ್ಬೇರಿಸುವವರೂ ಇರಬಹುದು. ನಮ್ಮ ಉತ್ತರ ಸರಳ. ಕಾಡಿನ ಚಿತ್ರಕ್ಕೆಂದು ಮಾರಾಟವಾಗುವ ಉದ್ದನೆಯ ಹೊಸ ಲೆನ್ಸೊಂದಕ್ಕೆ ಲಕ್ಷ ರೂಪಾಯಿಯ ಆಸುಪಾಸು ಬೆಲೆ. ಆ ದುಡ್ಡಿಗೆ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬರುತ್ತದೆ. ಇಲ್ಲವೆ ಒಳ್ಳೆಯ ಸ್ಪ್ರೇಯರ್ ಬಂದು ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ. ಮೂರು ನಾಲ್ಕು ಎಕರೆಯವರಿಗೆ ಇದು ಸಣ್ಣ ಖರ್ಚಲ್ಲ. ದೋಟಿ ಕೊಳ್ಳುವಾಗ ನಾವು ಮೊದಲು ನಮ್ಮ ಮರದ ಎತ್ತರ ನೋಡುತ್ತೇವೆ. ಅಂಗಡಿಯವರು 80 ಅಡಿಯದ್ದು ತೋರಿಸಿದರೆಂದು 45 ಅಡಿಯ ತೋಟದವರು ಅದನ್ನು ಹೊತ್ತು ತರುವುದಿಲ್ಲ. ಉದ್ದ ಹೆಚ್ಚಿದಷ್ಟೂ ತೂಕ ಹೆಚ್ಚು, ತುದಿ ಓಲಾಡುವುದೂ ಹೆಚ್ಚು ಎಂಬುದು ದೋಟಿ ಹಿಡಿದವರಿಗೆಲ್ಲ ಗೊತ್ತು. ಲೆನ್ಸಿನ ವ್ಯವಹಾರವೂ ಹೀಗೆಯೇ. ಹೋಗುವ ಜಾಗದಲ್ಲಿ ಪ್ರಾಣಿ ಎಷ್ಟು ದೂರದಲ್ಲಿ, ಎಂಥ ಬೆಳಕಿನಲ್ಲಿ ಕಾಣುತ್ತದೆ ಎಂಬುದನ್ನು ಮೊದಲು ತಿಳಿದು, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಬೇಕು. ಊರ ಮೇಲಿನ ಊರೆಲ್ಲ ಹೇಳಹೊರಟರೆ ಮಾತು ಮುಗಿಯುವುದಿಲ್ಲವಾದ್ದರಿಂದ ನಮ್ಮ ಮಗ್ಗುಲಲ್ಲೇ ಇರುವ ಭದ್ರಾ ಅರಣ್ಯವೊಂದನ್ನೇ ಇಟ್ಟುಕೊಂಡು ಇಲ್ಲಿ ವಿವರಿಸುತ್ತೇವೆ.

ಒಂದು ಕಾಡು, ಎರಡು ಬಗೆ

1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವೆಂದು ಆರಂಭವಾದದ್ದು, 1974ರಲ್ಲಿ ಲಕ್ಕವಳ್ಳಿಯ ಕಾಡನ್ನೂ ಕೂಡಿಸಿಕೊಂಡು ಭದ್ರಾ ವನ್ಯಜೀವಿಧಾಮವಾಯಿತು. 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳ ಪಟ್ಟಿಗೆ ಸೇರಿತು. ಒಂದೇ ಹೆಸರಿನ ಕಾಡಾದರೂ ಕ್ಯಾಮೆರಾದವರ ಪಾಲಿಗೆ ಇದು ಎರಡು ಕಾಡು.

ಮುತ್ತೋಡಿಯ ಕಡೆ ಕಾಫಿ ತೋಟ ಮುಗಿದಲ್ಲಿ ಕಾಡು ಶುರು. ಬಿದಿರು ಮೆಳೆ, ನಂದಿ, ಮತ್ತಿ, ತೇಗ. ಜೀಪು ಹೋಗುವ ದಾರಿಯ ಎರಡೂ ಬದಿಗೆ ನೋಟ ಮೂವತ್ತು ನಲವತ್ತು ಮೀಟರಿಗೆ ನಿಂತುಹೋಗುತ್ತದೆ. ಅಲ್ಲಿ ಸಿಗುವ ಕಾಟಿ, ಕಡವೆ, ಜಿಂಕೆ, ಕೆಂಜಳಿಲು ಎಲ್ಲವೂ ಹತ್ತಿರ, ಆದರೆ ನೆರಳಿನಲ್ಲಿ. ಲಕ್ಕವಳ್ಳಿಯ ಕಡೆ ಇದಕ್ಕೆ ತದ್ವಿರುದ್ಧ. ಅಣೆಕಟ್ಟಿನ ಹಿಂದೆ ಹರಡಿದ ವಿಶಾಲವಾದ ನೀರು, ಬಯಲಾದ ದಂಡೆ, ಸುರಿಯುವ ಬೆಳಕು. ಪ್ರಾಣಿ ಪಕ್ಷಿಗಳು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ, ಆದರೆ ದೂರದಲ್ಲಿ. ನೋಡುವುದೂ ಹೆಚ್ಚಾಗಿ ದೋಣಿಯಿಂದ.

ಮಳೆಗಾಲದಲ್ಲಿ ತುಂಬಿದ ಜಲಾಶಯ ಬೇಸಿಗೆಗೆ ಇಳಿದಾಗ ನೀರಿನ ನಡುವೆ ಕಲ್ಲುಮಣ್ಣಿನ ದಿಬ್ಬಗಳು ತಲೆ ಎತ್ತುತ್ತವೆ. ನದಿ ರೀವ ಎಂಬ ಹಕ್ಕಿ ಸಾವಿರಗಟ್ಟಲೆ ಬಂದು ಈ ನಡುಗಡ್ಡೆಗಳ ಮೇಲೆ ಮೊಟ್ಟೆಯಿಡುತ್ತದೆ. ಬೂದುಬಿಳಿ ಮೈ, ಕಪ್ಪು ಟೊಪ್ಪಿಗೆ, ಹಳದಿ ಕೊಕ್ಕು, ಕವಲು ಬಾಲ. ಗೂಡೆಂಬುದೇ ಇಲ್ಲ, ಬರಿಯ ನೆಲದ ತಗ್ಗಿನಲ್ಲಿ ಮೊಟ್ಟೆ. ಫೆಬ್ರವರಿಯಿಂದ ಮೇ ತನಕ, ಅಂದರೆ ನಮ್ಮ ಬಿಡುವಿನ ಕಾಲದಲ್ಲೇ, ಈ ಸಂತೆ ನಡೆಯುತ್ತದೆ. ದೂರದ ಊರುಗಳಿಂದ ದೊಡ್ಡ ದೊಡ್ಡ ಲೆನ್ಸ್ ಹೊತ್ತು ಬರುವವರೆಲ್ಲ ಮುಖ್ಯವಾಗಿ ಈ ಹಕ್ಕಿಗಾಗಿ ಬರುವವರು. ತೋಟದ ಏಲಕ್ಕಿ, ಕೊಕ್ಕೋ ಕಾಯಿ ಖಾಲಿ ಮಾಡುವ ಕೆಂಜಳಿಲನ್ನು ದುಡ್ಡು ಕೊಟ್ಟು ನೋಡಲು ಹೋಗುವುದು ಹೇಗೆ ಎಂದು ಹಿರಿಯ ಸದಸ್ಯರೊಬ್ಬರು ನಮ್ಮನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ! ರೀವ ಹಕ್ಕಿಯ ಮೇಲೆ ಅಂಥ ದೂರು ಯಾರಿಗೂ ಇರಲಾರದು.

ಅಡ್ಡ ಲೆಕ್ಕ

ಲೆನ್ಸಿನ ಮೇಲೆ ಬರೆದಿರುವ 200, 400, 600 ಎಂಬ ಅಂಕೆ ಅದರ ಸಂಗಮದೂರ, ಮಿಲಿಮೀಟರಿನಲ್ಲಿ. ಅಂಕೆ ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಎಷ್ಟು ದೊಡ್ಡದು? ಸಂಗಮದೂರವನ್ನು ಪ್ರಾಣಿಯ ಅಳತೆಯಿಂದ ಗುಣಿಸಿ, ಪ್ರಾಣಿ ಇರುವ ದೂರದಿಂದ ಭಾಗಿಸಿದರೆ ಸಿಕ್ಕಿತು. ಪ್ರಾಣಿಯ ಅಳತೆ, ದೂರ ಎರಡನ್ನೂ ಮೀಟರಿನಲ್ಲಿ ಇಟ್ಟರೆ ಉತ್ತರ ಮಿಲಿಮೀಟರಿನಲ್ಲಿ ಬರುತ್ತದೆ.

ನದಿ ರೀವ ಕೊಕ್ಕಿನಿಂದ ಬಾಲದ ತನಕ ಸುಮಾರು 40 ಸೆಂಟಿಮೀಟರ್. ಅದು 20 ಮೀಟರ್ ದೂರದಲ್ಲಿದ್ದು ನಮ್ಮ ಲೆನ್ಸ್ 400 ಮಿ.ಮೀ. ಆಗಿದ್ದರೆ ಕ್ಯಾಮೆರಾದೊಳಗೆ ಬೀಳುವ ಹಕ್ಕಿಯ ಬಿಂಬ 8 ಮಿ.ಮೀ. ಉದ್ದ. ಸಾಧಾರಣ ಬೆಲೆಯ ಕ್ಯಾಮೆರಾಗಳಲ್ಲಿ ಹೆಚ್ಚಾಗಿರುವ ಎಪಿಎಸ್-ಸಿ ಎಂಬ ಸೆನ್ಸರಿನ ಅಗಲ ಸುಮಾರು 24 ಮಿ.ಮೀ., ಎತ್ತರ ಸುಮಾರು 16 ಮಿ.ಮೀ. ಅಂದರೆ ಹಕ್ಕಿ ಚಿತ್ರದ ಅಗಲದ ಮೂರರಲ್ಲೊಂದು ಪಾಲು ತುಂಬುತ್ತದೆ. ಇದು ಒಳ್ಳೆಯ ಅಳತೆ. ಅದೇ ಹಕ್ಕಿ 40 ಮೀಟರ್ ಆಚೆಗಿದ್ದರೆ ಆರರಲ್ಲೊಂದು ಪಾಲು. ಆಮೇಲೆ ಕತ್ತರಿಸಿ ದೊಡ್ಡದು ಮಾಡಿಕೊಳ್ಳಬಹುದು, ಗೋಡೆಗೆ ಹಾಕುವಷ್ಟು ಚೆನ್ನಾಗಿ ಬರುವುದು ಕಷ್ಟ. 200 ಮಿ.ಮೀ. ಲೆನ್ಸಿನಲ್ಲಿ 40 ಮೀಟರಿನ ಹಕ್ಕಿ ಬಿಳಿಯ ಚುಕ್ಕೆ ಅಷ್ಟೆ.

ಇನ್ನು ಮುತ್ತೋಡಿಯ ಕಾಟಿಯನ್ನು ತೆಗೆದುಕೊಳ್ಳೋಣ. ಹೆಗಲಿನ ಎತ್ತರ ಸುಮಾರು 1.7 ಮೀಟರ್, ಜೀಪಿನಿಂದ 25 ಮೀಟರ್ ದೂರ. 200 ಮಿ.ಮೀ. ಲೆನ್ಸಿನಲ್ಲಿ ಬಿಂಬದ ಎತ್ತರ ಹದಿಮೂರೂವರೆ ಮಿ.ಮೀ., 16ರ ಚೌಕಟ್ಟಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. 400 ಹಾಕಿದರೋ 27 ಮಿ.ಮೀ.; ತಲೆ ಬಂದರೆ ಕಾಲಿಲ್ಲ, ಕಾಲು ಬಂದರೆ ತಲೆಯಿಲ್ಲ. ಬಾಲವೂ ಸೇರಿ ಸುಮಾರು ಒಂದು ಮೀಟರ್ ಉದ್ದದ ಕೆಂಜಳಿಲು 20 ಮೀಟರ್ ಎತ್ತರದ ಕೊಂಬೆಯಲ್ಲಿದ್ದರೆ 300 ಮಿ.ಮೀ.ಗೆ 15 ಮಿ.ಮೀ. ಬಿಂಬ. ಇದೂ ಸಾಕು.

ಈ ಲೆಕ್ಕದಿಂದ ಎರಡು ಸಂಗತಿ ತಿಳಿಯುತ್ತದೆ. ಮುತ್ತೋಡಿಯೊಂದಕ್ಕೇ ಹೋಗುವವರಿಗೆ 70-300 ಮಿ.ಮೀ.ನ ಸಾಧಾರಣ ಲೆನ್ಸ್ ಧಾರಾಳ ಸಾಕು. ಲಕ್ಕವಳ್ಳಿಯ ಹಕ್ಕಿಗಳಿಗೆ 400ಕ್ಕಿಂತ ಕಡಿಮೆ ಇದ್ದರೆ ಪ್ರಯೋಜನವಿಲ್ಲ. ಇವೆರಡಕ್ಕೂ ಆಗಬೇಕು, ಒಂದೇ ಲೆನ್ಸ್ ಇರಬೇಕು ಎನ್ನುವವರಿಗೆ 100-400 ಮಿ.ಮೀ. ವರ್ಗದ ಜೂಮ್ ಲೆನ್ಸೇ ಸರಿ ಎಂಬುದು ನಮ್ಮ ಅಭಿಪ್ರಾಯ. 150-600ರ ವರ್ಗವೂ ಉಂಟು. ಹಕ್ಕಿಯ ಹುಚ್ಚು ನಿಜವಾಗಿ ಹತ್ತಿದವರು ಅದನ್ನು ಕೊಳ್ಳಬಹುದು. ಆದರೆ ಸಿಗ್ಮಾದವರು 2014ರಲ್ಲಿ ತಂದ ಹಗುರ ಮಾದರಿಯೇ ಎರಡು ಕಿಲೋಗೆ ಸ್ವಲ್ಪ ಕಡಿಮೆ, ನಿಕಾನ್‌ನ 200-500 ಎರಡು ಕಿಲೋ ಮುನ್ನೂರು ಗ್ರಾಂ. ಕ್ಯಾಮೆರಾದ ತೂಕ ಬೇರೆ. ಅಲುಗಾಡುವ ದೋಣಿಯಲ್ಲಿ ಒಂದು ಗಂಟೆ ಇದನ್ನು ಎತ್ತಿಹಿಡಿದು ನೋಡಿದರೆ ವಿಷಯ ತಿಳಿಯುತ್ತದೆ. ಕ್ಯಾನನ್‌ನವರ 2021ರ ಆರ್‌ಎಫ್ 100-400 ಕೇವಲ 635 ಗ್ರಾಂ. ಅದರ ಕುಂದು ಏನೆಂಬುದನ್ನು ಮುಂದೆ ಹೇಳುತ್ತೇವೆ.

ಫುಲ್‌ಫ್ರೇಮ್ ಕ್ಯಾಮೆರಾ ಎಂದರೆ ಮೇಲು ಎಂಬ ಭಾವನೆ ಕೆಲವರಲ್ಲುಂಟು. ಅದರ ಸೆನ್ಸರ್ 36 ಮಿ.ಮೀ. ಅಗಲ. 8 ಮಿ.ಮೀ.ನ ಅದೇ ಹಕ್ಕಿ ಅಲ್ಲಿ ಕಾಲು ಭಾಗವೂ ತುಂಬುವುದಿಲ್ಲ. ಸರಿಗಟ್ಟಬೇಕಾದರೆ 600 ಮಿ.ಮೀ. ಬೇಕು, ಅಂದರೆ ಮತ್ತಷ್ಟು ದುಡ್ಡು, ಮತ್ತಷ್ಟು ಭಾರ. ಮಂದ ಬೆಳಕಿನಲ್ಲಿ ಫುಲ್‌ಫ್ರೇಮ್ ಉತ್ತಮವೆಂಬುದು ನಿಜ. ಆದರೂ ಚಿಕ್ಕ ಹಿಡುವಳಿದಾರರ ಕಿಸೆಗೆ ಎಪಿಎಸ್-ಸಿಯೇ ಹೊಂದುತ್ತದೆ.

ಆನೆಯ ಮಾತು

ಇದೇ ಲೆಕ್ಕವನ್ನು ಆನೆಗೆ ಹಾಕಿ ನೋಡಬೇಕು. ಇದು ಕಾಡಿಗೆ ಹೋಗದೆ ಮನೆಯಲ್ಲೇ ಇರುವವರಿಗೂ ಸಂಬಂಧಪಟ್ಟ ಮಾತು.

ತೋಟಕ್ಕೆ ಆನೆ ಬಂದಾಗ ಎಲ್ಲರ ಕೈಯಲ್ಲಿರುವುದು ಮೊಬೈಲ್. ಮೊಬೈಲಿನ ಮುಖ್ಯ ಲೆನ್ಸ್ ಫುಲ್‌ಫ್ರೇಮ್ ಲೆಕ್ಕದಲ್ಲಿ 24ರಿಂದ 26 ಮಿ.ಮೀ.ಗೆ ಸಮ. ಎರಡೂವರೆ ಮೀಟರ್ ಎತ್ತರದ ಆನೆ ಅಡ್ಡಚಿತ್ರದ ಅರ್ಧ ಎತ್ತರ ತುಂಬಬೇಕಾದರೆ ಮೊಬೈಲ್ ಹಿಡಿದವರು ಆನೆಯಿಂದ ಐದೂವರೆ ಮೀಟರಿನಲ್ಲಿ, ಅಂದರೆ 18 ಅಡಿಯಲ್ಲಿ ನಿಂತಿರಬೇಕು! ದೂರದಿಂದ ತೆಗೆದ ಚಿತ್ರದಲ್ಲಿ ಆನೆ ಇರುವೆಯಂತೆ ಕಾಣುತ್ತದೆಂದು ಹುಡುಗರು ಇನ್ನೆರಡು ಹೆಜ್ಜೆ, ಇನ್ನೆರಡು ಹೆಜ್ಜೆ ಎಂದು ಮುಂದೆ ಹೋಗುವುದು ಇದಕ್ಕೇ. 400 ಮಿ.ಮೀ. ಲೆನ್ಸ್ ಹಾಕಿದ ಎಪಿಎಸ್-ಸಿ ಕ್ಯಾಮೆರಾದಲ್ಲಿ ಅಷ್ಟೇ ದೊಡ್ಡ ಆನೆಯ ಚಿತ್ರ 125 ಮೀಟರ್ ದೂರದಿಂದ ಬರುತ್ತದೆ. ಕಾಫಿ ಗಿಡಗಳ ನಡುವೆ ಆನೆ ಓಡುವ ವೇಗವನ್ನು ಕಂಡವರಿಗೆ ಐದೂವರೆಗೂ ನೂರಿಪ್ಪತ್ತೈದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಹಾನಿಯ ಅರ್ಜಿಗೆ ಬೇಕಾದ ಚಿತ್ರವನ್ನು ಆನೆ ಹೋದ ಮೇಲೆ ಮೊಬೈಲಿನಲ್ಲೇ ತೆಗೆಯಬಹುದು: ಮುರಿದ ಗಿಡ, ಹೆಜ್ಜೆ ಗುರುತು, ಬೇಲಿ. ಆನೆಯ ಚಿತ್ರವೇ ಬೇಕೆನ್ನುವವರು ಉದ್ದನೆಯ ಲೆನ್ಸ್ ತರಲಿ, ಇಲ್ಲವೆ ಬಿಡಲಿ.

ಬೆಳಕಿಗೆ ಕೊಡುವ ಬೆಲೆ

ಲೆನ್ಸಿನ ಮೇಲೆ ಇನ್ನೊಂದು ಅಂಕೆ ಇರುತ್ತದೆ: ಎಫ್ 2.8, ಎಫ್ 5.6, ಎಫ್ 8 ಎಂಬಿತ್ಯಾದಿ. ಇದು ಲೆನ್ಸಿನ ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂಬುದರ ಸೂಚನೆ. ಅಂಕೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್ 5.6ರಲ್ಲಿ ಒಳಬರುವ ಬೆಳಕಿನ ಅರ್ಧ ಮಾತ್ರ ಎಫ್ 8ರಲ್ಲಿ ಬರುತ್ತದೆ, ಎಫ್ 2.8ರ ಎಂಟರಲ್ಲೊಂದು ಪಾಲು. ಬೆಲೆ ಏರುವುದು ಮುಖ್ಯವಾಗಿ ಇಲ್ಲೇ. 600 ಮಿ.ಮೀ. ಎಫ್ 4 ಎಂಬ ಲೆನ್ಸು ಹತ್ತು ಲಕ್ಷ ರೂಪಾಯಿ ಮೀರಿದ ಬಾಬತ್ತು. ಅದನ್ನು ಹೊತ್ತವರ ಪಕ್ಕ ಜೀಪಿನಲ್ಲಿ ಕುಳಿತಾಗ ನಮ್ಮ ಸದಸ್ಯರು ಸಂಕೋಚಪಡುವ ಕಾರಣವಿಲ್ಲ.

ಹಗುರವಾದ ಆ 635 ಗ್ರಾಂ ಲೆನ್ಸಿನ ಕುಂದು ಇದೇ: 400 ಮಿ.ಮೀ.ನಲ್ಲಿ ಅದರ ಬಾಯಿ ಎಫ್ 8. ಹಿನ್ನೀರಿನ ಬಿಸಿಲಿನಲ್ಲಿ ಇದರಿಂದ ತೊಂದರೆಯಿಲ್ಲ. ಮುತ್ತೋಡಿಯ ಬಿದಿರಿನಡಿ ಬೆಳಗಿನ ಆರೂವರೆಗೆ ಕಷ್ಟವಾಗುತ್ತದೆ.

ಏಕೆಂದರೆ ಉದ್ದ ಲೆನ್ಸಿಗೆ ವೇಗದ ಷಟರ್ ಬೇಕು. ಹಳೆಯ ನಿಯಮವೊಂದುಂಟು: ಕೈಯಲ್ಲಿ ಹಿಡಿದು ತೆಗೆಯುವಾಗ ಷಟರಿನ ಕಾಲ ಸೆಕೆಂಡಿನಲ್ಲಿ ಸಂಗಮದೂರದ ಒಂದು ಪಾಲಿಗಿಂತ ಹೆಚ್ಚಿರಬಾರದು. ಎಪಿಎಸ್-ಸಿ ಕ್ಯಾಮೆರಾದಲ್ಲಿ 400 ಲೆನ್ಸ್ 600ರಂತೆ ವರ್ತಿಸುವುದರಿಂದ ಸೆಕೆಂಡಿನ 600ರಲ್ಲೊಂದು ಭಾಗ. ಈಗಿನ ಲೆನ್ಸುಗಳಲ್ಲಿ ಕೈನಡುಕ ತಡೆಯುವ ಏರ್ಪಾಡು ಇರುವುದರಿಂದ ನಿಂತ ಕಡವೆಯ ಚಿತ್ರವನ್ನು ಇದಕ್ಕಿಂತ ನಿಧಾನವಾಗಿಯೂ ತೆಗೆಯಬಹುದು. ಆದರೆ ಆ ಏರ್ಪಾಡು ತಡೆಯುವುದು ನಮ್ಮ ನಡುಕವನ್ನು. ಪ್ರಾಣಿ ಅಲುಗಾಡಿದರೆ ಅದು ಮಾಡುವುದೇನೂ ಇಲ್ಲ. ಮೀನಿಗೆ ಎರಗುವ ರೀವಕ್ಕೆ ಸೆಕೆಂಡಿನ 2000ದಲ್ಲೊಂದು ಭಾಗವೇ ಬೇಕು.

ಬೆಳಕು ಸಾಲದಾದಾಗ ಐಎಸ್‌ಒ ಎಂಬುದನ್ನು ಏರಿಸುವುದೊಂದೇ ದಾರಿ. ಚಿತ್ರದಲ್ಲಿ ಕಾಳುಕಾಳಾಗಿ ಕಂಡೀತೆಂದು ಹೆದರಿ ಬಹಳ ಮಂದಿ ಅದನ್ನು 400ರಲ್ಲೇ ಇಟ್ಟು ಚಿತ್ರವನ್ನು ಅಲುಗಿಸಿಕೊಳ್ಳುತ್ತಾರೆ. ಕಾಳು ಬಿದ್ದ ಚಿತ್ರವನ್ನು ಆಮೇಲೆ ಸರಿಪಡಿಸಬಹುದು, ಅಲುಗಿದ್ದನ್ನು ಸರಿಪಡಿಸಲಾಗದು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರು ನಮ್ಮ ನಾಡಿನ ಕಾಡುಗಳಲ್ಲಿ ಚಿತ್ರ ತೆಗೆಯುತ್ತಿದ್ದ ಫಿಲಂ ಕಾಲದಲ್ಲಿ ಹೆಸರಾಗಿದ್ದ ಕೋಡಾಕ್ರೋಮ್ ಸ್ಲೈಡ್ ಫಿಲಮಿನ ವೇಗ 25 ಇಲ್ಲವೆ 64. ಒಂದು ಸುರುಳಿಗೆ 36 ಚಿತ್ರ. ಇಂದಿನ ಸಾಧಾರಣ ಕ್ಯಾಮೆರಾದಲ್ಲಿ ನಿಶ್ಚಿಂತೆಯಿಂದ ಇಡಬಹುದಾದ 3200 ಎಂದರೆ 64ರ ಐವತ್ತು ಪಟ್ಟು. ಮೂಡಿಗೆರೆಯ ತಮ್ಮ ಕಾಫಿ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರನ್ನೂ ಇಲ್ಲಿ ನೆನೆಯಬೇಕು. 2007ರಲ್ಲಿ ತೀರಿಕೊಂಡ ಅವರು ಬೆಳೆಗಾರನಿಗೆ ಹಕ್ಕಿ ನೋಡಲು ಪ್ರವಾಸವೇ ಬೇಕೆಂದಿಲ್ಲ ಎಂಬುದನ್ನು ತೋರಿಸಿಕೊಟ್ಟಿದ್ದರು. ತೋಟದ ಸಿಳ್ಳಾರನ ಮೇಲೆ ಒಂದು ತಿಂಗಳು ಕೈ ಪಳಗಿಸಿಕೊಂಡು ಭದ್ರಾಕ್ಕೆ ಹೋದವರ ಚಿತ್ರಗಳು ಬೇರೆಯೇ ಆಗಿರುತ್ತವೆ.

ಬಣ್ಣದ ವಿಷಯದಲ್ಲಿ ಒಂದು ಮಾತು. ಕ್ಯಾಮೆರಾ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಕಾಟಿ ಚೌಕಟ್ಟು ತುಂಬಿದರೆ ಅದನ್ನು ಬಿಳಿಚಿಸುತ್ತದೆ. ಕಪ್ಪು ನೀರಿನ ಮೇಲೆ ಹಾರುವ ಬಿಳಿಯ ರೀವವನ್ನು ಸುಟ್ಟ ಸುಣ್ಣದಂತೆ ಮಾಡುತ್ತದೆ. ಎರಡು ಸಂದರ್ಭದಲ್ಲೂ ಬೆಳಕನ್ನು ಒಂದು ಮೆಟ್ಟಿಲು ಇಳಿಸಬೇಕು. ಅದೇ ಹಕ್ಕಿ ಹೊಳೆಯುವ ಆಕಾಶದ ಎದುರು ಬಂದರೆ ಏರಿಸಬೇಕು.

ಬೊಂಬಾಯಿ ಜೂಮು, ಹಳೆಯ ಲೆನ್ಸು

ಲೆನ್ಸ್ ಬದಲಿಸುವ ರಗಳೆಯೇ ಬೇಡ, 125 ಪಟ್ಟು ಜೂಮ್ ಇರುವುದೇ ಒಂದು ಉಂಟಂತೆ ಎಂದು ಕೇಳುವವರೂ ಇದ್ದಾರೆ. 2018ರಲ್ಲಿ ಬಂದ ನಿಕಾನ್ ಪಿ1000 ಅಂಥದ್ದು; 3000 ಮಿ.ಮೀ.ಗೆ ಸಮವೆಂದು ಅದರ ವಿವರಣೆ. ನಿಜವಾದ ಸಂಗಮದೂರ 539 ಮಿ.ಮೀ., ಸೆನ್ಸರಿನ ಅಗಲ ಸುಮಾರು 6 ಮಿ.ಮೀ. ಉಗುರಿನಷ್ಟು ಜಾಗದಲ್ಲಿ ಚಿತ್ರ ಬೀಳುವುದರಿಂದ ದೊಡ್ಡದಾಗಿ ಕಾಣುತ್ತದೆ. ತುದಿಯಲ್ಲಿ ಬಾಯಿ ಎಫ್ 8. ಬಿಸಿಲಿನಲ್ಲಿ ಕೂತ ಹಕ್ಕಿಯನ್ನು ಗುರುತಿಸಲು, ಹುಣ್ಣಿಮೆಯ ಚಂದ್ರನನ್ನು ಮಕ್ಕಳಿಗೆ ತೋರಿಸಲು ಬಹಳ ಚೆನ್ನ. ಹಾರುವ ಹಕ್ಕಿಗೂ ಮುಂಜಾನೆಯ ನೆರಳಿಗೂ ಅಲ್ಲ. ಇದೇ ಜಾತಿಯ ಸೋನಿ ಆರ್‌ಎಕ್ಸ್10ರ ನಾಲ್ಕನೆಯ ಮಾದರಿ 2017ರದು; 24-600ಕ್ಕೆ ಸಮ, ತುದಿಯಲ್ಲೂ ಎಫ್ 4, ಸೆನ್ಸರ್ 13 ಮಿ.ಮೀ. ಅಗಲ. ದೋಣಿಗೂ ಜೀಪಿಗೂ ಇಷ್ಟು ಹೊಂದಿಕೆಯಾಗುವ ಒಂಟಿ ಕ್ಯಾಮೆರಾ ಅಪರೂಪ. ಒಳ್ಳೆಯ ಸ್ಥಿತಿಯ ಹಳೆಯದು ಸಿಕ್ಕಿದರೆ ಯೋಚಿಸಬಹುದು.

ಹಳೆಯದನ್ನು ಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಹಳೆಯ ಟಿಲ್ಲರ್ ಕೊಂಡವರು ನಾವು. ಮಿರರ್‌ಲೆಸ್ ಎಂಬ ಹೊಸ ಬಗೆಗೆ ಜನ ಬದಲಾದ್ದರಿಂದ ಡಿಎಸ್‌ಎಲ್‌ಆರ್ ಕಾಲದ ಒಳ್ಳೆಯ ಲೆನ್ಸುಗಳು ಕೈಗೆಟಕುವಂತಾಗಿವೆ. ಕ್ಯಾನನ್‌ನ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅದೇ ಕಂಪನಿಯ ಹೊಸ ಆರ್ ಕ್ಯಾಮೆರಾಗಳಲ್ಲಿ ನಡೆಯುತ್ತವೆ. ನಿಕಾನ್‌ನಲ್ಲಿ ಎಚ್ಚರ ಬೇಕು: ಎಎಫ್-ಎಸ್ ಎಂದು ಬರೆದ, ಒಳಗೇ ಮೋಟಾರ್ ಇರುವ ಲೆನ್ಸುಗಳು ಎಫ್‌ಟಿಝೆಡ್ ಅಡಾಪ್ಟರಿನಲ್ಲಿ ತಾವೇ ಫೋಕಸ್ ಮಾಡುತ್ತವೆ; ಬರಿಯ ಎಎಫ್ ಅಥವಾ ಎಎಫ್-ಡಿ ಎಂದಿರುವ ಹಳೆಯವು ಮಾಡುವುದಿಲ್ಲ, ಕೈಯಿಂದ ತಿರುಗಿಸಬೇಕು. 1.4 ಪಟ್ಟಿನ ಕನ್ವರ್ಟರ್ ಹಾಕಿ 300ನ್ನು 420 ಮಾಡಬಹುದು, ಆದರೆ ಬೆಳಕು ಅರ್ಧವಾಗುತ್ತದೆ. ಎರಡು ಪಟ್ಟಿನದು ಬೆಳಕನ್ನು ಕಾಲು ಭಾಗಕ್ಕಿಳಿಸುವುದರಿಂದ ನಮ್ಮ ಕಾಡಿಗೆ ಬೇಡ.

ಕೊಳ್ಳುವ ಮುನ್ನ ಎರಡೂ ಮುಚ್ಚಳ ತೆಗೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಒಳಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಮುಟ್ಟಬೇಡಿ. ನಾಲ್ಕು ಧೂಳಿನ ಕಣಕ್ಕೆ ಹೆದರಬೇಕಾಗಿಲ್ಲ.

ದುಡ್ಡು ನಿಜವಾಗಿ ಕಡಿಮೆ ಇದ್ದವರಿಗೆ ನಮ್ಮ ಸಲಹೆ ಬೇರೆಯೇ. ಮೊದಲು ಒಂದು 8×42 ದುರ್ಬೀನು ಕೊಳ್ಳಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಇರುವುದರಿಂದ ಮಬ್ಬಿನಲ್ಲೂ ಕಾಣುತ್ತದೆ. ಕ್ಯಾಮೆರಾ ಒಬ್ಬರ ಕಣ್ಣಿಗೆ. ದುರ್ಬೀನು ಅಮ್ಮನಿಂದ ಮೊಮ್ಮಗುವಿನ ತನಕ ಕೈಯಿಂದ ಕೈಗೆ ಹೋಗುತ್ತದೆ. ಕಾಯಿ ಕಿತ್ತ ಮರದ ತುದಿಯಲ್ಲಿ ಕೂತದ್ದು ಮಂಗವೋ ಕೆಂಜಳಿಲೋ ಎಂದು ನೋಡಲು ಮನೆಯಲ್ಲೂ ಉಪಯೋಗಕ್ಕುಂಟು.

ಹುರುಳಿ ಚೀಲ ಮತ್ತಿತರ ಸರಂಜಾಮು

ಮೂರು ಕಾಲಿನ ಟ್ರೈಪಾಡನ್ನು ಮನೆಯಲ್ಲೇ ಬಿಟ್ಟು ಹೋಗಬಹುದು. ಜೀಪಿನಲ್ಲಿ ಅದನ್ನು ನಿಲ್ಲಿಸಲು ಜಾಗವಿಲ್ಲ, ದೋಣಿಯಲ್ಲಿ ಎಂಜಿನ್ನಿನ ನಡುಕವೆಲ್ಲ ಅದರ ಕಾಲಿನಿಂದ ಲೆನ್ಸಿಗೆ ಏರುತ್ತದೆ. ಬೇಕಾದ್ದು ಒಂದು ಮೊಳ ಉದ್ದದ ಗಟ್ಟಿ ಬಟ್ಟೆಯ ಚೀಲ, ಅದರೊಳಗೆ ಒಂದೂವರೆ ಎರಡು ಕಿಲೋ ಹುರುಳಿ. ಮುಕ್ಕಾಲು ತುಂಬಿಸಿ ಬಾಯಿ ಹೊಲಿದು ಜೀಪಿನ ಕಂಬಿಯ ಮೇಲೆ ಹಾಕಿ ಲೆನ್ಸನ್ನು ಅದರ ಮೇಲೆ ಒರಗಿಸಿದರೆ ಅಲ್ಲಾಡುವುದಿಲ್ಲ. ಅಂಗಡಿಯಲ್ಲಿ ಬೀನ್‌ಬ್ಯಾಗ್ ಎಂದು ಮಾರುವುದು ಇದನ್ನೇ. ಅಕ್ಕಿಯೂ ಆದೀತು; ಹಿಂದೆ ಬಂದ ಮೇಲೆ ಹುರುಳಿಯನ್ನು ಸಾರಿಗೆ ಹಾಕಬಹುದೆಂಬುದು ಹೆಚ್ಚಿನ ಅನುಕೂಲ. ದೋಣಿಯಲ್ಲಿ ಮಾತ್ರ ಲೆನ್ಸನ್ನು ಯಾವುದಕ್ಕೂ ತಾಗಿಸದೆ, ಮೊಣಕೈಯನ್ನು ಪಕ್ಕೆಗೊತ್ತಿ ಕೈಯಲ್ಲೇ ಹಿಡಿಯುವುದು ಉತ್ತಮ.

ಬೇಸಿಗೆಯಲ್ಲಿ ಕಾಡುದಾರಿಯ ಧೂಳು ಅಡಿಕೆ ಸುಲಿಯುವ ಮನೆಯ ಧೂಳಿಗಿಂತ ಕಡಿಮೆಯಲ್ಲ. ಜೀಪಿನಲ್ಲಿ ಕೂತು ಲೆನ್ಸ್ ಬದಲಿಸುವುದು ಬೇಡ. ಒಂದು ಹಳೆಯ ತಲೆದಿಂಬಿನ ಚೀಲದೊಳಗೆ ಕ್ಯಾಮೆರಾ ಇಟ್ಟುಕೊಂಡರೆ ಸಾಕು. ಹೆಚ್ಚಿನ ಬ್ಯಾಟರಿ ಒಂದು, ಮೆಮರಿ ಕಾರ್ಡ್ ಎರಡು. ಮಧ್ಯಾಹ್ನ ಹನ್ನೊಂದರಿಂದ ಮೂರರ ತನಕ ನೀರಿನ ಮೇಲೆ ಗಾಳಿ ಕುದಿಯುವುದರಿಂದ ಎಂಥ ಬೆಲೆಬಾಳುವ ಲೆನ್ಸಿನಲ್ಲೂ ದೂರದ ಚಿತ್ರ ಮಸುಕಾಗುತ್ತದೆ. ಆಗ ಊಟ ಮಾಡಿ ಮಲಗುವುದೇ ಸರಿ. ದೊಡ್ಡ ಲೆನ್ಸುಗಳಿಗೆ ಬೇರೆ ಶುಲ್ಕ ಹಾಕುವ ಪದ್ಧತಿ ನಮ್ಮ ಸಫಾರಿಗಳಲ್ಲಿ ಇರುವುದರಿಂದ ಅದನ್ನೂ, ಸಫಾರಿ ನಡೆಯುತ್ತಿದೆಯೇ ಎಂಬುದನ್ನೂ ಹೊರಡುವ ಮುನ್ನ ವಿಚಾರಿಸಬೇಕು. 2025ರ ನವೆಂಬರಿನಲ್ಲಿ ಹುಲಿ ದಾಳಿಗಳ ಕಾರಣ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಿದ್ದು ನೆನಪಿರಬಹುದು. ಡ್ರೋನ್ ಒಯ್ಯುವಂತಿಲ್ಲ.

ರೀವಗಳ ನಡುಗಡ್ಡೆಯ ಬಳಿ ಒಂದು ಶಿಸ್ತು ಅಗತ್ಯ. ಮೊಟ್ಟೆ ಇರುವುದು ಬರಿಯ ನೆಲದ ಮೇಲೆ. ಸುಡುವ ಬಿಸಿಲಿನಲ್ಲಿ ತಾಯಿ ತಂದೆ ಸರದಿಯಲ್ಲಿ ಕೂತು ನೆರಳು ಕೊಡುತ್ತವೆ. ದೋಣಿ ತೀರ ಹತ್ತಿರ ಬಂದು ಹಕ್ಕಿಗಳೆಲ್ಲ ಒಮ್ಮೆಗೇ ಎದ್ದರೆ ಮೊಟ್ಟೆ ಬೇಯುತ್ತದೆ, ಕಾಗೆ ಹದ್ದುಗಳಿಗೂ ಹಬ್ಬ. ಹಕ್ಕಿಗಳು ಎದ್ದು ತಲೆಯ ಮೇಲೆ ಕೂಗುತ್ತ ಸುತ್ತತೊಡಗಿದವೆಂದರೆ ಹಿಂದೆ ಸರಿಯಿರಿ ಎಂದು ಅರ್ಥ. ದೋಣಿಯವನಿಗೆ ನೂರು ರೂಪಾಯಿ ಹೆಚ್ಚಿಗೆ ಕೊಟ್ಟು "ಇನ್ನೂ ಸ್ವಲ್ಪ ಹತ್ತಿರ ತಗೊಳ್ಳಿ ಅಣ್ಣ" ಎನ್ನುವವರನ್ನು ಕಂಡರೆ ನಮ್ಮ ಸದಸ್ಯರು ಸುಮ್ಮನಿರಬಾರದು. 400 ಮಿ.ಮೀ.ಗೆ ದುಡ್ಡು ಸುರಿದದ್ದು ದೂರ ನಿಲ್ಲಲಿಕ್ಕೇ ತಾನೆ?

ಮಳೆಗಾಲಕ್ಕೆ ಮೊದಲು

ಪ್ರವಾಸ ಮುಗಿದು ಜೂನ್ ಬಂತೆಂದರೆ ಲೆನ್ಸಿಗೆ ನಿಜವಾದ ಅಪಾಯ ಶುರುವಾಗುವುದು ಮಲೆನಾಡಿನ ಮನೆಯೊಳಗೆ. ಬೂಷ್ಟು ಗಾಜಿನ ಮೇಲೂ ಬೆಳೆಯುತ್ತದೆ. ಬೆಳೆದು ಮೇಲಿನ ಲೇಪವನ್ನು ತಿಂದರೆ ಗಾಜು ಮೊದಲಿನಂತಾಗುವುದಿಲ್ಲ. ಕಾಫಿಯನ್ನು ಶೇಕಡಾ 10-12ರ ತೇವಕ್ಕೆ ಒಣಗಿಸಿ ಕಾಪಾಡುವ ನಮಗೆ ಇದು ಹೊಸ ಪಾಠವೇನಲ್ಲ. ಲೆನ್ಸ್ ಇಡುವ ಜಾಗದ ಗಾಳಿಯ ತೇವ ಶೇಕಡಾ 40ರಿಂದ 50ರೊಳಗೆ ಇರಬೇಕು. ಅದಕ್ಕಾಗಿಯೇ ವಿದ್ಯುತ್ ಪೆಟ್ಟಿಗೆಗಳು ಸಿಗುತ್ತವೆ. ಅನುಕೂಲವಿಲ್ಲದವರು ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್‌ನೊಡನೆ ಇಡಬಹುದು. ತೇವ ತೋರಿಸುವ ಚಿಕ್ಕ ಮಾಪಕವನ್ನೂ ಒಳಗಿಟ್ಟರೆ ಊಹೆ ಮಾಡುವ ಕೆಲಸವಿಲ್ಲ.

ಕಪಾಟಿನಲ್ಲಿ ಹದಿನೈದು ವ್ಯಾಟಿನ ಬಲ್ಬ್ ಉರಿಸಿಡುವ ಹಳೆಯ ಉಪಾಯ ಒಳ್ಳೆಯದೇ ಆಗಿತ್ತು. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಬರುತ್ತದೆಯೇ ಹೊರತು ಕಪಾಟು ಒಣಗುವಷ್ಟು ಬಿಸಿ ಬರುವುದಿಲ್ಲವಾದ್ದರಿಂದ ಅದನ್ನು ನಂಬಬೇಡಿ. ಚರ್ಮದ ಚೀಲ, ಬಟ್ಟೆ ಹೊದಿಸಿದ ಪೆಟ್ಟಿಗೆ ಎರಡೂ ತೇವ ಹೀರಿಕೊಂಡು ಕೂರುವಂಥವು. ಲೆನ್ಸನ್ನು ಅವುಗಳಿಂದ ಹೊರತೆಗೆದೇ ಡಬ್ಬಿಗೆ ಹಾಕಬೇಕು. ಅಡಿಕೆ ಒಣಗಿಸುವ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡುವುದೂ ಬೇಡ, ಹೊಗೆಯ ಜಿಡ್ಡು ಗಾಜಿಗೆ ಹತ್ತಿದರೆ ಬಿಡಿಸುವುದು ಕಷ್ಟ. ನೀಲಿ ಸಿಲಿಕಾ ಜೆಲ್ ಗುಲಾಬಿಯಾದಾಗ, ಕಿತ್ತಳೆ ಬಣ್ಣದ್ದು ಹಸಿರಾದಾಗ ಅದರ ಶಕ್ತಿ ಮುಗಿಯಿತೆಂದು ಲೆಕ್ಕ. ಅಡಿಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ಬಿಸಿ ಮಾಡಿದರೆ ಮೊದಲಿನ ಬಣ್ಣಕ್ಕೆ ಮರಳುತ್ತದೆ. ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಬಹುದು. ಆಷಾಢದ ಮಳೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಈ ಕೆಲಸ ಬೀಳುತ್ತದೆ. ಬೋರ್ಡೋ ಸಿಂಪಡಣೆಯ ದಿನಾಂಕ ಗುರುತು ಹಾಕುವ ಕ್ಯಾಲೆಂಡರಿನಲ್ಲೇ ಇದನ್ನೂ ಗುರುತು ಹಾಕಿಕೊಂಡರೆ ಮರೆಯುವುದಿಲ್ಲ.